ಚೀಟಿ ಕೇಳುವ ಊಟ, ಚೀಟಿ ಕೇಳದ ಊಟ

ನಾನು ತುಮಕೂರು ಕಡೆಯವನು. ಇಂಗ್ಲೆಂಡಿನ ಯಾರ್ಕ್ ಊರಿಗೆ ಬಂದು ಒಂಬತ್ತು ವರ್ಷ ಆಯ್ತು. ನಮ್ಮ ಮನೆ ಹತ್ತಿರದ ಚರ್ಚಿನ ಹಿಂದೊಂದು ಹಾಲ್ ಇದೆ. ಅಲ್ಲಿ ಬಡವರಿಗೆ ದಿನಸಿ ಕೊಡುವ ಫುಡ್ ಬ್ಯಾಂಕ್ ನಡೆಯುತ್ತದೆ. ಶುಕ್ರವಾರ ಮಧ್ಯಾಹ್ನ ನಾನೂ ಹೋಗಿ ಕೈಜೋಡಿಸುತ್ತೇನೆ. ನಾನು ಕ್ರೈಸ್ತನಲ್ಲ. ನಿನ್ನ ಧರ್ಮ ಯಾವುದು ಅಂತ ಇವತ್ತಿನವರೆಗೂ ಅಲ್ಲಿ ಯಾರೂ ಕೇಳಿಲ್ಲ.

ಕೆಲಸ ಕಷ್ಟದ್ದಲ್ಲ. ಜನ ಕೊಟ್ಟ ಸಾಮಾನನ್ನು ಕ್ರೇಟಿಗೆ ತುಂಬಿ ತೂಕ ಹಾಕಬೇಕು. ಡಬ್ಬಿಗಳ ಮೇಲಿನ ಎಕ್ಸ್‌ಪೈರಿ ಡೇಟು ಹುಡುಕಿ, ಕಪ್ಪು ಮಾರ್ಕರಿನಲ್ಲಿ ಕಾಣುವ ಹಾಗೆ ದಪ್ಪಗೆ ಬರೆಯಬೇಕು. ಆಮೇಲೆ ಬೀನ್ಸ್, ಸೂಪು, ಪಾಸ್ತಾ, ಟೀ, ಪ್ಯಾಕೆಟ್ ಹಾಲು ಸೇರಿಸಿ ಮೂರು ದಿನಕ್ಕೆ ಆಗುವಷ್ಟು ಚೀಲ ಕಟ್ಟಬೇಕು. ಒಲೆ ಹಚ್ಚಲು ದುಡ್ಡಿಲ್ಲದವರಿಗೆ ಬೇರೆ ಚೀಲ. ಅದರಲ್ಲಿರುವುದಕ್ಕೆ ಕೆಟಲ್ಲಿನ ಬಿಸಿನೀರು ಹೊಯ್ದರೆ ಸಾಕು. ಕೆಟಲ್ ಕೂಡ ಇಲ್ಲದವರಿಗೆ ಮೂರನೇ ಚೀಲ, ಪೂರ್ತಿ ತಣ್ಣಗೆ ತಿನ್ನುವಂಥದ್ದು. ಮೊದಲ ಸಲ ಆ ಮೂರನೇ ಚೀಲ ಕಟ್ಟುವಾಗ ನನಗೆ ಕೈಯೇ ಓಡಲಿಲ್ಲ. ಹೊರಗೆ ಸುಯ್ ಅಂತ ಗಾಳಿ, ಜನವರಿ ಚಳಿ.

ಆದರೆ ನನಗೆ ಒಗ್ಗದೇ ಹೋಗಿದ್ದು ವೋಚರ್. ಇಲ್ಲಿ ಸುಮ್ನೆ ಬಂದು ಕೈಚಾಚಿದರೆ ಆಗಲ್ಲ. ಡಾಕ್ಟರೋ, ಶಾಲೆಯವರೋ, ಸಲಹಾ ಕೇಂದ್ರದವರೋ ಚೀಟಿ ಬರೆದು ಕೊಟ್ಟಿರಬೇಕು. ಯಾಕೆ ಬೇಕಾಯಿತು ಅನ್ನುವುದೂ ಅದರಲ್ಲಿ ಇರಬೇಕು. ಸಂಬಳ ಸಾಲದು, ಸಾಲ, ಕಾಯಿಲೆ, ಸರ್ಕಾರದ ಭತ್ಯೆ ತಡ, ಹೀಗೆ. ಒಮ್ಮೆ ಎಳೆ ಮಗುವನ್ನು ತಳ್ಳುಗಾಡಿಯಲ್ಲಿ ಕೂರಿಸಿಕೊಂಡು ಬಂದ ಹೆಂಗಸೊಬ್ಬರು ಆ ಚೀಟಿಗಾಗಿ ಕೋಟಿನ ಜೇಬೆಲ್ಲ ತಡಕಾಡುತ್ತಿದ್ದರು. ಎರಡೆರಡು ಸಲ ತಡಕಿದರು. ಕೊನೆಗೆ ನಮ್ಮವರೇ ಶಾಲೆಗೆ ಫೋನ್ ಮಾಡಿ ವಿಚಾರಿಸಿ ಚೀಲ ಕೊಟ್ಟರು. ಅಷ್ಟು ಹೊತ್ತು ಆಕೆ ತಲೆ ಎತ್ತಲಿಲ್ಲ.

ಆ ರಾತ್ರಿ ಅಪ್ಪನಿಗೆ ಫೋನಿನಲ್ಲಿ ಹೇಳಿದೆ. "ಹಸಿದು ಬಂದೋರ ಹತ್ರ ಚೀಟಿ ಕೇಳ್ತಾರೇನಪ್ಪ?" ಅಂದರು. ಅವರು ಹಾಗೆ ಕೇಳುವುದು ಸಹಜವೇ. ಒಕ್ಕಣೆ ಮುಗಿದ ಮೇಲೆ ಸಿದ್ಧಗಂಗೆ ಮಠಕ್ಕೆ ಒಂದು ಮೂಟೆ ರಾಗಿ ಕೊಟ್ಟು ಬರುವುದು ನಮ್ಮ ಮನೆಯ ರೂಢಿ. ಅಲ್ಲಿ ಸಾವಿರಾರು ಮಕ್ಕಳು ಉಳಿದುಕೊಂಡು ಓದುತ್ತಾರೆ. ಹೊರಗಿನಿಂದ ಬಂದವರಿಗೂ ಊಟ ಇದ್ದೇ ಇರುತ್ತದೆ. ಚಿಕ್ಕವನಿದ್ದಾಗ ಅಪ್ಪನ ಪಕ್ಕ ಪಂಕ್ತಿಯಲ್ಲಿ ಕೂತು ಮುದ್ದೆ ಉಂಡ ನೆನಪು ಇನ್ನೂ ಹಸಿಯಾಗಿದೆ. ಯಾರ ಮಗ, ಯಾವ ಜಾತಿ, ಯಾಕೆ ಬಂದೆ, ಯಾವುದನ್ನೂ ಕೇಳಲಿಲ್ಲ. ದಾಸೋಹ ಅಂದರೇನೇ ಬಡಿಸುವವನು ದಾಸ ಅಂತ ಅಲ್ವಾ? ಕೊಡುವವನು ಮೇಲಲ್ಲ. ಈ ವಿಷಯದಲ್ಲಿ ನಮ್ಮ ದಾರಿಯೇ ದೊಡ್ಡದು ಅಂತ ನಾನು ಈಗಲೂ ನಂಬುತ್ತೇನೆ.

ಹಾಗಿದ್ದೂ ಆ ಚೀಟಿಯ ಬಗ್ಗೆ ನನ್ನ ಮನಸ್ಸು ನಿಧಾನವಾಗಿ ಬದಲಾಯಿತು. ತಿಂಗಳ ಕೊನೆಗೆ ಫುಡ್ ಬ್ಯಾಂಕ್ ನೋಡಿಕೊಳ್ಳುವ ಹಿರಿಯ ಹೆಂಗಸು ಚೀಟಿಗಳಲ್ಲಿನ ಕಾರಣಗಳನ್ನು ಲೆಕ್ಕ ಹಾಕುತ್ತಾರೆ. ಇಲ್ಲಿ ಯೂನಿವರ್ಸಲ್ ಕ್ರೆಡಿಟ್ ಅನ್ನುವ ಸರ್ಕಾರಿ ಭತ್ಯೆಗೆ ಅರ್ಜಿ ಹಾಕಿದರೆ ಮೊದಲ ಹಣ ಬರಲು ಐದು ವಾರ ಕಾಯಬೇಕು. ಆ ಐದು ವಾರ ತಿನ್ನುವುದೇನು? ಮುಂಗಡ ತೆಗೆದುಕೊಂಡರೆ ಅದು ಸಾಲ, ಮುಂದೆ ಮುರಿದುಕೊಳ್ಳುತ್ತಾರೆ. ಆಕೆ ಈ ಲೆಕ್ಕವನ್ನೆಲ್ಲ ಬರೆದು ಸಂಸದರಿಗೆ ಕಳಿಸುತ್ತಾರೆ. "ಚೀಲ ಕೊಟ್ಟು ಸುಮ್ಮನಾದರೆ ಮುಂದಿನ ತಿಂಗಳೂ ಅವರೇ ಬರ್ತಾರೆ" ಅಂತ ಒಮ್ಮೆ ನನಗೆ ಹೇಳಿದರು. ಹಸಿದವರಿಗೆ ಕೊಟ್ಟದ್ದು ನನಗೇ ಕೊಟ್ಟ ಹಾಗೆ ಅಂದ ಯೇಸುವಿನ ಮಾತು ಆ ಹಾಲ್‌ನ ಗೋಡೆಯ ಮೇಲಿದೆ. ಆದರೆ ಆಕೆಗೆ ಅದರಷ್ಟೇ ಮುಖ್ಯನಾದವನು ಆಮೋಸ. ಬಡವರನ್ನು ಒಂದು ಜೊತೆ ಕೆರಕ್ಕೆ ಮಾರುತ್ತೀರಿ ಅಂತ ಉಳ್ಳವರ ಮುಖಕ್ಕೇ ಹೇಳಿದ ಬೈಬಲಿನ ಪ್ರವಾದಿ ಆತ.

ಇಲ್ಲಿನ ಟ್ರಸೆಲ್ ಅನ್ನುವ ದೊಡ್ಡ ಫುಡ್ ಬ್ಯಾಂಕ್ ಜಾಲ ಹುಟ್ಟಿದ್ದೂ ಕ್ರೈಸ್ತ ದಂಪತಿಯ ಕೈಯಲ್ಲಿ. ಪ್ಯಾಡಿ ಮತ್ತು ಕ್ಯಾರಲ್ ಹೆಂಡರ್ಸನ್ ಬಲ್ಗೇರಿಯಾದ ಬೀದಿ ಮಕ್ಕಳಿಗಾಗಿ ಕೆಲಸ ಮಾಡುತ್ತಿದ್ದರು. 2000ದಲ್ಲಿ ಅವರದೇ ಊರು ಸಾಲ್ಸ್‌ಬರಿಯ ತಾಯಿಯೊಬ್ಬಳು ಫೋನ್ ಮಾಡಿ, ನನ್ನ ಮಕ್ಕಳು ಇವತ್ತು ಹಸಿದು ಮಲಗುತ್ತಿದ್ದಾರೆ, ಅದಕ್ಕೇನು ಮಾಡ್ತೀರಿ ಅಂತ ಕೇಳಿದಳು. ಮನೆಯ ಶೆಡ್ಡಿನಲ್ಲೇ ಕೆಲಸ ಶುರುವಾಯಿತು. 2023-24ರಲ್ಲಿ ಆ ಜಾಲ ಹಂಚಿದ್ದು 31 ಲಕ್ಷಕ್ಕೂ ಹೆಚ್ಚು ಚೀಲ. ಈ ಸಂಖ್ಯೆಯನ್ನು ಅವರು ಹೆಮ್ಮೆಯಿಂದ ಹೇಳುವುದಿಲ್ಲ. ನಮ್ಮ ಅಗತ್ಯವೇ ಇಲ್ಲದ ದಿನ ಬರಲಿ ಅನ್ನುವುದೇ ಅವರ ಗುರಿ.

ಯಾರ್ಕಿನಲ್ಲಿ ಈ ಯೋಚನೆ ಹಳೆಯದು. ಚಾಕೊಲೇಟ್ ಕಾರ್ಖಾನೆಯ ಜೋಸೆಫ್ ರೌಂಟ್ರಿ ಕ್ವೇಕರ್ ಪಂಥದ ಕ್ರೈಸ್ತ. ಅವರ ಮಗ ಸೀಬೋಮ್ ಈ ಊರಿನ ದುಡಿಯುವ ಜನರ ಮನೆಮನೆಯ ಲೆಕ್ಕ ತೆಗೆಸಿ, ಊರಿನ ನೂರಕ್ಕೆ ಸುಮಾರು 28 ಜನ ಬಡತನದಲ್ಲಿದ್ದಾರೆ ಅಂತ 1901ರಲ್ಲಿ ತೋರಿಸಿದರು. ಜನ ಸೋಮಾರಿಗಳು, ಕುಡುಕರು, ಅದಕ್ಕೇ ಬಡವರು ಅನ್ನುವ ಮಾತು ಆಗ ಜಾಸ್ತಿ. ದುಡಿದರೂ ಕೂಲಿ ಸಾಲುವುದಿಲ್ಲ ಅಂತ ಆ ಲೆಕ್ಕ ಹೇಳಿತು. 1904ರಲ್ಲಿ ತಂದೆ ತಮ್ಮ ಆಸ್ತಿಯ ದೊಡ್ಡ ಪಾಲನ್ನು ಟ್ರಸ್ಟುಗಳಿಗೆ ಬರೆದಿಟ್ಟಾಗ ಒಂದು ಮಾತು ಹೇಳಿದರು. ಯಾರ್ಕಿನ ಗಂಜಿ ಕೇಂದ್ರಕ್ಕೆ ದುಡ್ಡಿನ ಕೊರತೆ ಎಂದೂ ಆಗುವುದಿಲ್ಲ, ಬಡತನ ಯಾಕಿದೆ ಅಂತ ಹುಡುಕುವುದಕ್ಕೆ ಮಾತ್ರ ಬೆಂಬಲ ಕೊಡುವವರು ಕಮ್ಮಿ ಅಂತ. ಇದನ್ನು ಓದಿದಾಗ ನನಗೆ ನಮ್ಮೂರೇ ಕಣ್ಣಮುಂದೆ ಬಂತು.

ಅನ್ನಸಂತರ್ಪಣೆ ಅಂದರೆ ನಮ್ಮಲ್ಲಿ ಅಕ್ಕಿ ಮೂಟೆ ತಾನಾಗಿ ಬಂದು ಬೀಳುತ್ತದೆ. ಇದು ಸಣ್ಣ ವಿಷಯವಲ್ಲ. ಆದರೆ ಉಂಡು ಹೋದವನ ಕೂಲಿ ಎಷ್ಟು, ಅವನ ರೇಷನ್ ಕಾರ್ಡು ಯಾಕೆ ರದ್ದಾಯಿತು ಅಂತ ಕೇಳಿದರೆ, "ಅದೆಲ್ಲ ರಾಜಕೀಯ, ನಮಗ್ಯಾಕೆ" ಅನ್ನುತ್ತೇವೆ. ಕೇಳಿದವರು ಇಲ್ಲದೆ ಇಲ್ಲ. ಗೋದಾಮಿನಲ್ಲಿ ಧಾನ್ಯ ತುಂಬಿರುವಾಗ ಜನ ಯಾಕೆ ಹಸಿದಿರಬೇಕು ಅಂತ 2001ರಲ್ಲಿ ಸುಪ್ರೀಂ ಕೋರ್ಟಿಗೆ ಹೋದವರಿದ್ದರು. ಶಾಲೆಯಲ್ಲಿ ಬಿಸಿಯೂಟ ಕೊಡಲೇಬೇಕು ಅಂತ ಕೋರ್ಟು ಹೇಳಿತು. ಮುಂದಿನ ವರ್ಷ ಕರ್ನಾಟಕದಲ್ಲಿ ಅದು ಶುರುವಾದಾಗ ಇಟ್ಟ ಹೆಸರೇ ಅಕ್ಷರ ದಾಸೋಹ. ಮಠದ ಪಂಕ್ತಿಯ ಊಟ ಹೀಗೆ ಮಗುವಿನ ಹಕ್ಕಾಯಿತು. ಅದೇ ಪ್ರಶ್ನೆಯನ್ನು ನಮ್ಮ ಮಠ, ದೇವಸ್ಥಾನ, ಚರ್ಚು, ಮಸೀದಿಗಳೂ ಗಟ್ಟಿಯಾಗಿ ಕೇಳಿದ್ದರೆ ಇನ್ನೆಷ್ಟು ಆಗುತ್ತಿತ್ತು!

ಹೋದ ತಿಂಗಳು ಅಪ್ಪ ಮತ್ತೆ ರಾಗಿ ಕೊಟ್ಟು ಬಂದರಂತೆ. ಹಾಸ್ಟೆಲಿನ ಮಕ್ಕಳೊಂದಿಗೆ ಮಾತಾಡಿದೆ ಅಂದರು. "ಏನು ಕೇಳಿದ್ರಿ ಅಪ್ಪಾಜಿ?" ಅಂದೆ.

"ಯಾವೂರು ಅಂತ ಕೇಳ್ದೆ. ಒಬ್ಬ ರಾಯಚೂರು ಕಡೆಯೋನು. ಅಷ್ಟು ದೂರದಿಂದ ಯಾಕೆ ಬಂದ್ಯೋ ಅಂದ್ರೆ, ಅಪ್ಪ ಅಮ್ಮ ಬೆಂಗಳೂರಲ್ಲಿ ಕಟ್ಟಡದ ಕೆಲ್ಸ ಮಾಡ್ತಾರೆ, ಊರಲ್ಲಿ ಯಾರೂ ಇಲ್ಲ ಅಂದ." ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವರೂರಲ್ಲಿ ಕೆಲ್ಸ ಯಾಕಿಲ್ವಂತೆ, ನಿಂಗೇನಾದ್ರೂ ಗೊತ್ತಾ?" ಅಂತ ಕೇಳಿದರು.