ವಾರಕ್ಕೊಂದು ದಿನ ಮನೆಯಿಂದ ಕಡತ ನೋಡಲು ಬಿಡಿ

ನನ್ನ ಮನೆ ಹುಬ್ಬಳ್ಳಿ. ಕೆಲಸ ಹಾವೇರಿಯ ಒಂದು ಸರ್ಕಾರಿ ಕಚೇರಿಯಲ್ಲಿ, ಎಫ್‌ಡಿಎ, ಅಂದರೆ ಪ್ರಥಮ ದರ್ಜೆ ಸಹಾಯಕಿ. ದಿನಾ ಅಪ್ ಡೌನ್. ಹೋಗಲು 70 ಕಿಲೋಮೀಟರ್ ಮೇಲೆ, ಬರಲು ಅಷ್ಟೇ. 1997ರಲ್ಲಿ ಗದಗ, ಹಾವೇರಿ ಧಾರವಾಡದಿಂದ ಬೇರೆಯಾಗಿ ಹೊಸ ಜಿಲ್ಲೆಗಳಾದವು. ಕಚೇರಿಗಳು ಅಲ್ಲಿ ಬಂದವು. ನಮ್ಮಂಥ ಎಷ್ಟೋ ಜನರ ಸಂಸಾರ ಮಾತ್ರ ಹುಬ್ಬಳ್ಳಿ-ಧಾರವಾಡದಲ್ಲೇ ಉಳಿಯಿತು. ಮಕ್ಕಳ ಶಾಲೆ, ವಯಸ್ಸಾದ ಅತ್ತೆ, ಎಲ್ಲವೂ ಇಲ್ಲೇ.

ಅಷ್ಟು ದೂರ ಹೋಗಿ ಮಾಡುವುದೇನು? ಕಡತಗಳನ್ನು ಕಂಪ್ಯೂಟರ್‌ನಲ್ಲೇ ನೋಡಿ ಕಳಿಸುವ ಇ-ಆಫೀಸ್ ತೆರೆಯುತ್ತೇನೆ. ಟಪಾಲು ಸ್ಕ್ಯಾನ್ ಆಗಿ ಬಂದಿರುತ್ತದೆ. ಟಿಪ್ಪಣಿ ಬರೆದು ಮಂಡಿಸುತ್ತೇನೆ. ಸಾಹೇಬರು ಪಕ್ಕದ ಕೋಣೆಯಲ್ಲೇ ಇದ್ದರೂ ಕಡತ ಹೋಗುವುದು ಕಂಪ್ಯೂಟರ್‌ನಲ್ಲೇ! 2020ರ ಲಾಕ್‌ಡೌನ್‌ನಲ್ಲಿ ಅಡುಗೆಮನೆ ಬಾಗಿಲಲ್ಲಿ ಕೂತು, ಹೊರಗಿನಿಂದ ಕಚೇರಿಯ ಜಾಲಕ್ಕೆ ಸುರಕ್ಷಿತವಾಗಿ ಸೇರಿಸುವ ವಿಪಿಎನ್ ಹಾಕಿಕೊಂಡು ಇದನ್ನೇ ಮಾಡಿದ್ದೆ. ನಿವೃತ್ತ ಜವಾನರೊಬ್ಬರ ಪಿಂಚಣಿ ಕಡತ ಬೆಳಿಗ್ಗೆ ಮಂಡಿಸಿದ್ದು ಸಂಜೆಯೊಳಗೆ ಸಹಿಯಾಗಿ ವಾಪಸ್ ಬಂದಿತ್ತು. ಆ ಖುಷಿ ಇನ್ನೂ ನೆನಪಿದೆ.

"ಮನೆಯಲ್ಲಿ ಕೂತು ಕೆಲಸ ಮಾಡ್ತೀರಾ ನೀವು?" ಅಂತ ಜನ ಕೇಳುತ್ತಾರೆ. ಕೇಳಲೇಬೇಕು, ಸಂಬಳ ಅವರ ದುಡ್ಡು. ಆದರೆ ಹಾಜರಿ ಯಂತ್ರ ನೋಡುವುದು ನನ್ನ ಮುಖ ಮಾತ್ರ. ಯಾವ ಕಡತ ಯಾರ ಹತ್ತಿರ ಎಷ್ಟು ದಿನದಿಂದ ಕೂತಿದೆ ಅನ್ನುವುದನ್ನು ಇ-ಆಫೀಸ್ ತೋರಿಸುತ್ತದೆ. 2011ರ ಸಕಾಲ ಕಾಯ್ದೆಯಲ್ಲಿ ಎಷ್ಟೋ ಸೇವೆಗಳಿಗೆ ದಿನದ ಗಡುವೂ ಇದೆ. ಆ ಲೆಕ್ಕವನ್ನೇ ಹಿಡಿಯಿರಿ.

ಅಮೆರಿಕದಲ್ಲಿ ಕೇಂದ್ರ ಸರ್ಕಾರದ ನೌಕರರು ಮನೆಯಿಂದ ಕೆಲಸ ಮಾಡುವುದಕ್ಕಾಗಿ 2010ರಲ್ಲೇ ಕಾಯ್ದೆ ಆಯಿತು. ಮೊದಲು ತರಬೇತಿ, ಆಮೇಲೆ ನೌಕರ ಮತ್ತು ಮೇಲಧಿಕಾರಿ ನಡುವೆ ಲಿಖಿತ ಒಪ್ಪಂದ. 2025ರಲ್ಲಿ ಅಲ್ಲಿಯ ಹೊಸ ಸರ್ಕಾರ ನೌಕರರನ್ನು ಕಚೇರಿಗೆ ವಾಪಸ್ ಕರೆಯಿತು, ಅದು ಬೇರೆ ಮಾತು. ನನಗೆ ಆ ಲಿಖಿತ ಒಪ್ಪಂದ ಹಿಡಿಸಿತು. ಯಾವ ಕೆಲಸ, ಎಷ್ಟು ಹೊತ್ತು, ಫೋನಿಗೆ ಯಾವಾಗ ಸಿಗಬೇಕು, ಎಲ್ಲ ಕಾಗದದ ಮೇಲೆ.

ಆದರೂ ಒಂದು ವಿಷಯ ನನ್ನನ್ನು ಕಾಡುತ್ತದೆ. ಹೋದ ತಿಂಗಳು ಹಾನಗಲ್ ಕಡೆಯ ಅಜ್ಜ ಒಬ್ಬರು ಬಂದಿದ್ದರು. ಕಂಕುಳಲ್ಲಿ ಪ್ಲಾಸ್ಟಿಕ್ ಚೀಲ, ಅದರೊಳಗೆ ನಾಲ್ಕು ಮಡಿಕೆ ಮಾಡಿದ ಅರ್ಜಿಯ ಜೆರಾಕ್ಸ್. "ಅಕ್ಕಾರ, ನನ್ನ ಫೈಲ್ ಎಲ್ಲಿ ಐತ್ರಿ?" ಅಂದರು. ಹಿಂದೆ ಎರಡು ಸಲ ಬಂದಾಗ ಕುರ್ಚಿ ಖಾಲಿ ಇತ್ತಂತೆ. ಕೂರಿಸಿ, ಸ್ಕ್ರೀನ್ ಅವರ ಕಡೆ ತಿರುಗಿಸಿ ತೋರಿಸಿದೆ. ಅವರಿಗೆ ಓದಲು ಬರುತ್ತಿರಲಿಲ್ಲ. ಆದರೂ ಬಗ್ಗಿ ಬಗ್ಗಿ ನೋಡಿದರು.

ಆ ಅಜ್ಜನಿಗೆ ಮತ್ತೆ ಖಾಲಿ ಕುರ್ಚಿ ಸಿಗುವುದಾದರೆ ನನಗೆ ಮನೆಯ ಕೆಲಸ ಬೇಡ. ಕೌಂಟರ್‌ನಲ್ಲಿ ಕೂರುವವರು ಕೂರಲೇಬೇಕು. ಹಳೆಯ ಕಾಗದದ ಕಡತ ಬೇಕಾದ ದಿನ ನಾನೂ ಹೋಗಲೇಬೇಕು. ಅದನ್ನು ಮನೆಗೆ ತರಬಾರದು.

ನಮ್ಮ ಶಾಖೆಯಲ್ಲಿ ನಾಲ್ವರಿದ್ದೇವೆ. ಸರದಿ ಪ್ರಕಾರ ದಿನಕ್ಕೊಬ್ಬರು ಮನೆಯಿಂದ, ಮೂವರು ಕಚೇರಿಯಲ್ಲಿ. ಬಂದವರ ಪ್ರಶ್ನೆಗೆ ಆ ಮೂವರಲ್ಲಿ ಯಾರಾದರೂ ಕಡತ ತೆರೆದು ಉತ್ತರ ಹೇಳಬೇಕು. ಮೂರು ತಿಂಗಳು ಮಾಡಿ ನೋಡಿ. ನನ್ನ ಹತ್ತಿರ ಕಡತ ನಿಂತಿದ್ದು ಕಂಡರೆ ಮರುದಿನವೇ ವಾಪಸ್ ಕರೆಯಿರಿ, ಬರುತ್ತೇನೆ.