ಅಜ್ಜಿಯನ್ನು ಯಾರೂ ಕೇಳಲಿಲ್ಲ

ತಂಗಿಯ ಮೊಮ್ಮಗನ ಬೆಳವಣಿಗೆ ತಪಾಸಣೆಗೆಂದು ಅವರೆಲ್ಲರ ಜೊತೆ ಇವತ್ತು ಒಂದು ಕ್ಲಿನಿಕ್ಕಿಗೆ ಹೋಗಿದ್ದೆ. ಮನೆಗೆ ಬಂದು ಕಾಫಿ ಕುಡಿದರೂ ಸಿಟ್ಟು ಇಳಿದಿಲ್ಲ.

ಹುಡುಗನಿಗೆ ಎರಡು ವರ್ಷ. ಎಷ್ಟು ಮಾತಾಡುತ್ತಾನೆಂದು ತಿಳಿಯಲು ಒಂದು ನಮೂನೆ ಕೊಟ್ಟರು, ಪೂರ್ತಿ ಇಂಗ್ಲಿಷಿನಲ್ಲಿ. ಅಮ್ಮ ಅಳುವ ಮಗುವನ್ನೆತ್ತಿಕೊಂಡು ವರಾಂಡದಲ್ಲಿದ್ದಳು; ತುಂಬಿದವನು ಅಪ್ಪ. ಒಳ್ಳೆಯ ಹುಡುಗ, ಪಾಪ, ಆದರೆ ಮಗು ಏಳುವ ಮೊದಲು ಮನೆ ಬಿಟ್ಟು, ಮಲಗಿದ ಮೇಲೆ ಮನೆ ಸೇರುವವನು! ದಿನವಿಡೀ ಬುವ್ವ ತಿನ್ನಿಸಿ ತಾಚಿ ಮಾಡಿಸುವ ನನ್ನ ತಂಗಿ ಪಕ್ಕದಲ್ಲೇ ಕುಳಿತಿದ್ದಳು. ನನ್ನ ಬಾಯಿ ನಿಮಗೆ ಗೊತ್ತಲ್ಲ, ಸುಮ್ಮನಿರಲಿಲ್ಲ. ‘ಹೆತ್ತವರೇ ತುಂಬಬೇಕು ಮೇಡಂ’ ಎಂಬ ಉತ್ತರ ಬಂತು. ಕೊನೆಗೆ ‘ಪದಗಳು ಕಡಿಮೆ’ ಎಂದು ಬರೆದುಕೊಟ್ಟರು. ಕಡಿಮೆ ಇದ್ದದ್ದು ಅಪ್ಪನ ಹತ್ತಿರ.

ಮನೆಯವರನ್ನು ಕೇಳಿ ಅಳೆಯುವ ಪದ್ಧತಿಯ ಮೇಲೆ ನನಗೆ ಜಗಳವಿಲ್ಲ. ಹೊಸ ಮುಖ ಕಂಡೊಡನೆ ಬಾಯಿ ಮುಚ್ಚುವ ಮಗುವನ್ನು ಕ್ಲಿನಿಕ್ಕಿನ ಕೋಣೆಯಲ್ಲಿ ಕೂರಿಸಿ ಏನು ಅಳೆಯುತ್ತೀರಿ? ಮಗು ಆಡುವ ಪದಗಳಿಗೆ ಮನೆಯವರೇ ಗುರುತು ಹಾಕಲೆಂದು ಅಮೆರಿಕದಲ್ಲಿ 1993ರಲ್ಲಿ ಪ್ರಕಟವಾದ ಮ್ಯಾಕ್‌ಆರ್ಥರ್–ಬೇಟ್ಸ್ ಪಟ್ಟಿಯಲ್ಲಿ 16ರಿಂದ 30 ತಿಂಗಳ ಮಕ್ಕಳಿಗೆಂದು 680 ಪದಗಳಿವೆ. ‘ಮಗು ಏನೇನು ಹೇಳುತ್ತದೆ?’ ಎಂದರೆ ಯಾರಿಗೂ ಥಟ್ಟನೆ ನೆನಪಾಗುವುದಿಲ್ಲ. ಪದವನ್ನೇ ಮುಂದಿಟ್ಟರೆ ಗುರುತು ಹಾಕಬಹುದು. ತೊದಲಿದರೂ ಲೆಕ್ಕಕ್ಕುಂಟು, ಪ್ರಾಣಿಗಳ ಕೂಗೂ ಉಂಟು. ಬೇರೆ ಭಾಷೆಗೆ ಒಯ್ಯುವಾಗ ಅದನ್ನು ಹಾಗೆಯೇ ಅನುವಾದಿಸುವುದಿಲ್ಲ, ಅಲ್ಲಿನ ಮನೆಗಳ ಪದಗಳನ್ನು ಹುಡುಕಿ ಹೊಸದಾಗಿ ಕಟ್ಟುತ್ತಾರೆ. ಅಷ್ಟು ಯೋಚಿಸಿ ಮಾಡಿದ ಕೆಲಸದ ಗತಿ ಇಲ್ಲಿ ಹೀಗೆ.

ಎರಡು ವರ್ಷದ ಮಗುವಿನಲ್ಲಿ ಮುಖ್ಯವಾಗಿ ನೋಡುವುದು ಎರಡು ಪದ ಜೋಡಿಸುತ್ತದೆಯೇ ಎಂದು. ಅಪ್ಪ ‘ಇಲ್ಲ’ ಎಂದು ಗುರುತು ಹಾಕಿದ. ದಿನಾ ಬೆಳಿಗ್ಗೆ ತಟ್ಟೆ ತಳ್ಳಿ ‘ದೋತೆ ಬೇಡ’ ಎನ್ನುವ ಹುಡುಗ ಅವನು! ಆ ಹೊತ್ತಿಗೆ ಅಪ್ಪ ಸಿಗ್ನಲ್ಲಿನಲ್ಲಿ ನಿಂತಿರುತ್ತಾನೆ.

ಅಜ್ಜಿಯರು ಉಬ್ಬಿಸಿ ಹೇಳುತ್ತಾರೆ ಎನ್ನುವಿರಿ. ಹೇಳಲಿ. ಹೆತ್ತವರಿಗೇ ಹೆಗ್ಗಣ ಮುದ್ದಾದ ಮೇಲೆ ಅಜ್ಜಿಯೊಬ್ಬಳದೇ ತಪ್ಪೇ? ‘ಯಾವಾಗ ಹೇಳಿದ, ಏನು ಕೇಳುತ್ತಾ ಹೇಳಿದ’ ಎಂದು ಎದುರು ಪ್ರಶ್ನೆ ಹಾಕಿದರೆ ಉಬ್ಬು ಇಳಿಯುತ್ತದೆ. ಏನೂ ಕಾಣದವನ ಊಹೆಗೆ ಯಾವ ಪ್ರಶ್ನೆ ಹಾಕುತ್ತೀರಿ? ನಿಜಕ್ಕೂ ಸಂಶಯವಿದ್ದರೆ ಕಿವಿ ಪರೀಕ್ಷೆ ಮಾಡಿಸೋಣ, ಬೇಡವೆನ್ನುವವಳು ನಾನಲ್ಲ.

ಇಷ್ಟು ಉರಿಯಲು ಕಾರಣವೂ ಇದೆ. ನಾನು ಬ್ಯಾಂಕಿನ ಕೌಂಟರಿನಲ್ಲಿ ನೋಟು ಎಣಿಸುತ್ತಿದ್ದಾಗ ನನ್ನ ಮಗನ ಮೊದಲ ಮಾತುಗಳೆಲ್ಲ ನನ್ನಮ್ಮನ ಕಿವಿಗೆ ಬಿದ್ದವು. ಸಂಜೆ ಅವಳು ಸಡಗರದಿಂದ ವರದಿ ಒಪ್ಪಿಸುತ್ತಿದ್ದಳು. ನನಗೆ ಹೊಟ್ಟೆಕಿಚ್ಚಾಗುತ್ತಿತ್ತು, ಈಗಲೂ ಆಗುತ್ತದೆ. ಆದರೆ ಆ ದಿನಗಳ ಬಗ್ಗೆ ಯಾರಾದರೂ ಕೇಳಿದ್ದರೆ ಅಮ್ಮನ ಕಡೆಗೇ ಬೆರಳು ತೋರಿಸುತ್ತಿದ್ದೆ.

ಅಂದಹಾಗೆ ತಂಗಿ ಅಡುಗೆಮನೆಯ ಕ್ಯಾಲೆಂಡರಿನ ಹಿಂದೆ ಅವನ ಮಾತುಗಳನ್ನು ಬರೆಯತೊಡಗಿದ್ದಾಳೆ. ಆ ಹಾಳೆ ಮುಂದಿನ ತಪಾಸಣೆಗೆ ಬರುತ್ತದೆ, ಅವಳೂ ಬರುತ್ತಾಳೆ. ಇಂಗ್ಲಿಷ್ ಓದಿ ಹೇಳಲು ಅಳಿಯ ಇದ್ದಾನಲ್ಲ.