ಹೊಸ ಪಂಪ್ ಮೋಟಾರಿಗೆ ಮೊದಲ ದಿನವೇ ಪಿಡಿ ಸೆನ್ಸರ್ ಹಾಕಿಸಿ

ಹುಬ್ಬಳ್ಳಿ-ಧಾರವಾಡದಲ್ಲಿ ನೀರು ಬರುವುದು ತಡವಾದರೆ ಓಣಿಯಲ್ಲಿ ಮೊದಲು ಕೇಳುವ ಮಾತು, ‘ಮೋಟಾರ್ ಸುಟ್ಟೈತಂತ.’ ನವಿಲುತೀರ್ಥದ ಮಲಪ್ರಭೆ ನೀರು ಅಮ್ಮಿನಬಾವಿಯ ಶುದ್ಧೀಕರಣ ಘಟಕಕ್ಕೆ ಏರಿ ಬರುವುದು ದೊಡ್ಡ ಪಂಪುಗಳಿಂದ. ಗದಗ-ಬೆಟಗೇರಿಗೆ ಹಮ್ಮಿಗಿಯಿಂದ ತುಂಗಭದ್ರೆ ಬರುವುದೂ ಹಾಗೇ. ನನ್ನದು ಎಚ್‌ಟಿ (ಹೈ ಟೆನ್ಷನ್, ಅಂದರೆ ಸಾವಿರಾರು ವೋಲ್ಟಿನ) ಮೋಟಾರುಗಳ ರಿವೈಂಡಿಂಗ್, ಅಂದರೆ ಸುಟ್ಟ ಕಾಯಿಲ್ ತೆಗೆದು ಹೊಸದು ಕೂರಿಸುವ ಕೆಲಸ. ನಮ್ಮ ಶೆಡ್ಡಿಗೆ ಬರುವ ಸುಟ್ಟ ಮೋಟಾರುಗಳಲ್ಲಿ ಬಹಳಷ್ಟು ಒಂದೇ ದಿನದಲ್ಲಿ ಹಾಳಾದವಲ್ಲ.

6.6 ಅಥವಾ 11 ಕಿಲೋವೋಲ್ಟ್ ಮೋಟಾರಿನ ಕಾಯಿಲ್ ಮೇಲೆ ಕರೆಂಟ್ ಸೋರದಂತೆ ಅಭ್ರಕ ಮತ್ತು ಎಪಾಕ್ಸಿಯ (ಗಟ್ಟಿಯಾಗುವ ಅಂಟಿನ) ಪದರ ಇರುತ್ತದೆ. ಅದರೊಳಗೆ ಗಾಳಿಗುಳ್ಳೆ ಉಳಿದಿದ್ದರೆ, ಇಲ್ಲವೇ ಕಾಯಿಲ್ ಸ್ಲಾಟಿನಲ್ಲಿ (ತಾನು ಕೂರುವ ಕಬ್ಬಿಣದ ತೋಡಿನಲ್ಲಿ) ಸಡಿಲಾಗಿ ನಡುಗತೊಡಗಿದರೆ, ಆ ಸಂದಿಯ ಗಾಳಿ ವೋಲ್ಟೇಜ್ ತಾಳಲಾರದೆ ಸಣ್ಣ ಸಣ್ಣ ಕಿಡಿ ಹಾರುತ್ತವೆ. ಪಾರ್ಷಿಯಲ್ ಡಿಸ್ಚಾರ್ಜ್, ಪಿಡಿ, ಅನ್ನುವುದು ಇದಕ್ಕೇ. ಒಂದು ಕಿಡಿ ಇರುವುದು ಕೆಲವೇ ನ್ಯಾನೋಸೆಕೆಂಡು. ಆದರೆ ಸೆಕೆಂಡಿಗೆ 50 ಸೈಕಲ್, ಹಗಲು ರಾತ್ರಿ, ವರ್ಷಗಟ್ಟಲೆ! ಅಭ್ರಕ ತಡೆದುಕೊಳ್ಳುತ್ತದೆ, ಎಪಾಕ್ಸಿ ತಡೆಯದು. ಗೆದ್ದಲು ಹಿಡಿದ ತೊಲೆಯ ಹಾಗೆ ಹೊರಗೆ ಏನೂ ಕಾಣುವುದಿಲ್ಲ. ಬಿಚ್ಚಿದಾಗ ಎಂಡ್ ವೈಂಡಿಂಗ್ (ಸ್ಲಾಟಿನಿಂದ ಹೊರಚಾಚಿದ ಕಾಯಿಲ್ ತುದಿ) ಮೇಲೆ ಬಿಳಿ ಪುಡಿ.

‘ಮೆಗ್ಗರ್ ಛಲೋ ಬಂದಿತ್ರೀ ಸರ್, ಆದ್ರೂ ಹೋತು’ ಅನ್ನುತ್ತಾರೆ ಪಂಪ್‌ಹೌಸಿನವರು. ಅವರು ಹೇಳುವುದು ಖರೆ. ಕರೆಂಟ್ ಸೋರುತ್ತದೆಯೇ ಎಂದು ನೋಡುವ ಮೆಗ್ಗರ್ ಹಚ್ಚುವುದು ನಿಂತ ಮೋಟಾರಿಗೆ, ಡಿಸಿಯಲ್ಲಿ. ತೇವ, ಕೊಳೆ ತಿಳಿಯುತ್ತದೆ. ಒಳಗಿನ ಗುಳ್ಳೆ ತಿಳಿಯುವುದಿಲ್ಲ. ಪಿಡಿ ಅಳೆಯುವುದು ಮೋಟಾರು ಓಡುವಾಗ, ಪೂರ್ತಿ ವೋಲ್ಟೇಜಿನಲ್ಲಿ. ಮೂರು ಫೇಸಿಗೂ ಒಂದೊಂದು 80 ಪಿಕೋಫ್ಯಾರಡ್ ಕೆಪಾಸಿಟರ್ ಕೂರಿಸುತ್ತಾರೆ, ಪಿಡಿ ಸೆನ್ಸರ್ ಅಂದರೆ ಇದೇ. ಅದು 50 ಹರ್ಟ್ಸ್ ಕರೆಂಟನ್ನು ತಡೆದು ಕಿಡಿಯ ಪಲ್ಸ್ ಮಾತ್ರ ಬಿಡುತ್ತದೆ. ಪಾಸಿಟಿವ್, ನೆಗೆಟಿವ್ ಪಲ್ಸ್ ಎರಡೂ ಸಮ ಬಂದರೆ ಗುಳ್ಳೆ ಪದರದ ನಡುವೆ ಇದೆ ಎಂದು ಊಹಿಸಬಹುದು. ಪಾಸಿಟಿವ್ ದೊಡ್ಡದಾದರೆ ಸ್ಲಾಟ್ ಕಡೆಗೆ ಅನುಮಾನ. ಅದನ್ನು ಬೇಗ ಹಿಡಿದರೆ ಕಾಯಿಲನ್ನು ಸ್ಲಾಟಿನಲ್ಲಿ ಹಿಡಿದಿಡುವ ವೆಜ್ (ಬೆಣೆ) ಬಿಗಿ ಮಾಡಿ ಮೋಟಾರು ಉಳಿಸಬಹುದು.

ಈ ಪಿಡಿ ರೀಡಿಂಗ್ ತಾನೇ ತಾನಾಗಿ ದಿನವೂ ದಾಖಲಾಗಬೇಕು, ಜೊತೆಗೆ ಲೋಡ್, ವೈಂಡಿಂಗ್ ಬಿಸಿ, ಗಾಳಿಯ ತೇವವೂ. ಧಾರವಾಡದ ಆಷಾಢದ ಜಿಟಿಜಿಟಿಯಲ್ಲಿ ತೆಗೆದ ರೀಡಿಂಗನ್ನು ಚೈತ್ರದ ರೀಡಿಂಗಿಗೆ ಹೋಲಿಸಿ ಏನು ಹೇಳುವುದು?

ಪಿಡಿಯಲ್ಲಿ ಒಂದು ಅಂಕಿಗೆ ಬೆಲೆಯಿಲ್ಲ, ಅದು ಏರುವ ರೀತಿಗೆ ಬೆಲೆ. ಆರು ತಿಂಗಳಲ್ಲಿ ದುಪ್ಪಟ್ಟಾದರೆ ಗಾಬರಿಯಾಗಬೇಕು. ಹತ್ತು ವರ್ಷ ಓಡಿದ ಮೇಲೆ ಸೆನ್ಸರ್ ಹಾಕಿ ದೊಡ್ಡ ಅಂಕಿ ಕಂಡರೆ, ಅದು ಮೊದಲಿನಿಂದಲೂ ಇದ್ದದ್ದೋ ಈಚೆಗೆ ಏರಿದ್ದೋ ಯಾರು ಹೇಳುತ್ತಾರೆ? ಮತ್ತೆ ಆ ಕೆಪಾಸಿಟರ್ ಕೂರಿಸಲು ಪಂಪು ನಿಲ್ಲಿಸಬೇಕು, ಊರಿಗೆ ನೀರು ನಿಲ್ಲಬೇಕು.

ಹೊಲದ 415 ವೋಲ್ಟ್ ಪಂಪ್‌ಸೆಟ್ಟಿಗೆ ಇದೆಲ್ಲ ಬೇಡ. ಊರಿಗೆಲ್ಲ ನೀರು ಕೊಡುವ ಎಚ್‌ಟಿ ಮೋಟಾರಿನ ಟೆಂಡರಿನಲ್ಲಿ ಮಾತ್ರ ಮೂರು ಕೆಪಾಸಿಟರ್, ಓಡುವ ಮೋಟಾರಿನ ಪಿಡಿ ಅಳೆಯುವ ಅಂತರರಾಷ್ಟ್ರೀಯ ಮಾನದಂಡವಾದ ಐಇಸಿ 60034-27-2 ಪ್ರಕಾರ ಅಳತೆ, ಮೊದಲ ವರ್ಷದ ದಾಖಲೆ ಕಡ್ಡಾಯವಾಗಲಿ. ಆ ಗ್ರಾಫ್ ಬೆಂಗಳೂರಿನ ಕಂಪ್ಯೂಟರಿನಲ್ಲಿ ಕೂರದೆ ಪಂಪ್‌ಹೌಸಿನ ಪಾಳಿಯವರ ಮುಂದೆ ಇರಲಿ. ಅಲ್ಲಿನ ಐಟಿಐ ಹುಡುಗರಿಗೆ ಅದನ್ನು ಓದಲು ಕಲಿಸುವುದಿದ್ದರೆ ನಾನು ಬರುತ್ತೇನೆ, ಪಗಾರ ಬೇಡ.